ದೇವರ ಡಬ್ಬಿಯ ಹಿಟ್ಟು

ರೊಟ್ಟಿಗೆ ಹಿಟ್ಟು ಕಲಸುವ ಮೊದಲು ಅದರಿಂದ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಬೇಕು. ಸೂಗಮ್ಮನ ಮನೆಯಲ್ಲಿ ನಲವತ್ತು ವರ್ಷದಿಂದ ಇದೇ ಕಾನೂನು. ಸೊಸೆಗೆ ಹೆರಿಗೆಯಾದ ದಿನ ಮನೆಯವರೆಲ್ಲ ಹೋಟೆಲಿನ ಇಡ್ಲಿ ತಿಂದಿದ್ದರು, ಒಲೆಯೇ ಹೊತ್ತಿರಲಿಲ್ಲ. ಡಬ್ಬಿಗೆ ಮಾತ್ರ ಹಿಡಿ ಹಿಟ್ಟು ಬಿದ್ದಿತ್ತು. ತಿಂಗಳ ಮೊದಲ ಭಾನುವಾರ ಸೂಗಮ್ಮ ಆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿ ಕಮಲಾಪುರದ ಚರ್ಚಿಗೆ ಹೋಗುತ್ತಾಳೆ. ಕಲಬುರಗಿಯ ಚರ್ಚು ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆದರೆ ಅಲ್ಲಿ ಹಿಡಿ ಹಿಟ್ಟಿನ ಪದ್ಧತಿ ಯಾವತ್ತೋ ನಿಂತಿದೆ. ಈಗ ಕಾಣಿಕೆಗೆ ಲಕೋಟೆ ಕೊಡುತ್ತಾರೆ, ಬಾಗಿಲಲ್ಲಿ ಸ್ಕ್ಯಾನರ್ ಅಂಟಿಸಿದ್ದಾರೆ. ಸ್ಕ್ಯಾನರಿಗೆ ಹಿಟ್ಟು ಹಾಕಲು ಬರುವುದಿಲ್ಲ ಎಂದು ಸೂಗಮ್ಮ ಗೊಣಗುತ್ತಾಳೆ.

ಡಬ್ಬಿಗೆ ಒಂದು ಸಾಕ್ಷಿಯೂ, ಅಂದರೆ ದೇವರು ನಡೆಸಿದ್ದನ್ನು ಎಲ್ಲರೆದುರು ಹೇಳುವ ಕಥೆಯೂ, ಉಂಟು. ಪ್ರಾರ್ಥನೆ ಕೂಟದಲ್ಲಿ ಯಾರಾದರೂ "ಸಾಕ್ಷಿ ಹೇಳೋರು ಯಾರದೀರಿ?" ಎಂದು ಕೇಳಿದರೆ ಸಾಕು, ಸೂಗಮ್ಮ ಎದ್ದು ನಿಂತೇಬಿಡುತ್ತಾಳೆ. ಇಪ್ಪತ್ತೈದನೇ ವಯಸ್ಸಿಗೆ ಗಂಡ ತೀರಿಕೊಂಡಿದ್ದು, ಕಮಲಾಪುರದ ಬಾಡಿಗೆ ಕೋಣೆ, ಮಡಿಲಲ್ಲಿ ಒಂದು ವರ್ಷದ ಯಶವಂತ, ಮನೆಯಲ್ಲಿ ಕಾಳಿಲ್ಲ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಬಾಗಿಲ ಚಿಲಕಕ್ಕೆ ಹಿಟ್ಟಿನ ಚೀಲ ತೂಗುತ್ತಿತ್ತು. ಮುಂದಿನ ಭಾನುವಾರವೂ ಇತ್ತು. ಹೀಗೇ ಒಂದು ವರ್ಷ. "ಅಡವ್ಯಾಗ ಹಸದ ಮಂದಿಗಿ ಆಕಾಶದಿಂದ ಮನ್ನಾ ರೊಟ್ಟಿ ಸುರಿಸಿದ ದೇವರು ನನ್ನ ಬಾಗಲಿಗಿ ಹಿಟ್ಟು ತಂದು ತೂಗ ಹಾಕಿದ. ಮನುಷ್ಯರ ಕೈ ಅದಕ್ಕ ಹತ್ತಿದ್ದಿಲ್ಲ," ಎಂದು ಮುಗಿಸಿ ಕಣ್ಣೊರೆಸಿಕೊಳ್ಳುತ್ತಾಳೆ. ಮೊಮ್ಮಗಳು ಸಲೋಮಿಗೆ ಇದು ಬಾಯಿಪಾಠ. ಅಜ್ಜಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದೂ ಅವಳಿಗೆ ಗೊತ್ತು.

ಮನೆಯಲ್ಲಿ ನಾಲ್ಕು ಜನ. ಸೂಗಮ್ಮ, ಮಗ ಯಶವಂತ, ಸೊಸೆ ಮಲ್ಲಿಕಾ, ಆರನೇ ತರಗತಿಯ ಸಲೋಮಿ. ಕಾಳಿನ ಪೇಟೆ ನೆಹರು ಗಂಜಿನ ಹಿಂದಿನ ಓಣಿಯಲ್ಲಿ ಎರಡು ಕೋಣೆ. ಯಶವಂತ ಹದಿನಾಲ್ಕು ವರ್ಷ ಒಂದೇ ಬೇಳೆ ಮಿಲ್ಲಿನಲ್ಲಿ ದುಡಿದವನು. ಮಾಲೀಕರ ಅಣ್ಣತಮ್ಮಂದಿರು ಜಗಳಾಡಿ ಪಾಲಾದರು, ಮಿಲ್ಲಿಗೆ ಬೀಗ ಬಿತ್ತು. ಅಂದಿನಿಂದ ಅವನು ಬೆಳಿಗ್ಗೆ ಗಂಜಿಗೆ ಹೋಗಿ ನಿಲ್ಲುತ್ತಾನೆ. ಅಲ್ಲಿಯ ಹಮಾಲರದು ಅವರದೇ ಗುಂಪು. ಅವರಿಗೆ ಸಾಕಾಗಿ ಉಳಿದರೆ ಹೊರಗಿನವನಿಗೆ ಒಂದೆರಡು ಮೂಟೆ. ಮಲ್ಲಿಕಾ ಸೀರೆಗೆ ಫಾಲ್ ಹಚ್ಚುತ್ತಾಳೆ. ಮದುವೆ ಕಾಲದಲ್ಲಿ ಕೈತುಂಬ ಕೆಲಸ, ಉಳಿದಾಗ ಕೈ ಖಾಲಿ.

ಹೊಟ್ಟೆಗೆ ರೇಷನ್ ಅಕ್ಕಿ ಇತ್ತು. ಗಂಜಿ ಮಾಡಿ, ಉಪ್ಪು ಹಾಕಿ, ಹುಳಿ ಸೊಪ್ಪಿನ ಪುಂಡಿಪಲ್ಯ ಕಲಸಿಕೊಂಡರೆ ಮೂವರ ಊಟ ಸಾಗುತ್ತಿತ್ತು. ತೊಂದರೆ ಸೂಗಮ್ಮನದು. ಅವಳಿಗೆ ಸಕ್ಕರೆ ಕಾಯಿಲೆ. ಅನ್ನ ಬಿಡಿ, ಜೋಳದ ರೊಟ್ಟಿ ತಿನ್ನಿ ಎಂದು ಡಾಕ್ಟರು ಹೇಳಿದ್ದರು. ಹೋದ ವರ್ಷ ಮಾತ್ರೆ ನುಂಗಿ ಊಟ ತಡಮಾಡಿದ ದಿನ ನಳದ ಹತ್ತಿರ ತಲೆ ತಿರುಗಿ ಬಿದ್ದು ಹಣೆಗೆ ನಾಲ್ಕು ಹೊಲಿಗೆ ಬಿದ್ದಿದ್ದವು. ಆ ದಿನ ಅತ್ತೆಯ ರಕ್ತ ಒರೆಸಿದ ಮಲ್ಲಿಕಾಗೆ ರೊಟ್ಟಿ ಅಂದರೆ ಅಂದಿನಿಂದ ಒಂದು ಭಯ. ಹೊತ್ತಿಗೆ ಸರಿಯಾಗಿ ಎರಡು ರೊಟ್ಟಿ ಅತ್ತೆಯ ತಟ್ಟೆಗೆ ಬೀಳಲೇಬೇಕು. ಸೂಗಮ್ಮ ಹೊರಕೋಣೆಯಲ್ಲಿ ಕೂತು ತಿನ್ನುತ್ತಾಳೆ. ಹಿಟ್ಟಿನ ಡ್ರಮ್ಮು ಒಳಗಿದೆ. ಅದರ ತಳ ಕಂಡದ್ದು ಅವಳಿಗೆ ಗೊತ್ತಿರಲಿಲ್ಲ.

ತಿಂಗಳ ಮೊದಲ ಭಾನುವಾರಕ್ಕೆ ಎರಡು ದಿನ ಇತ್ತು. ಸೂಗಮ್ಮ ಡಬ್ಬಿ ಎತ್ತಿದವಳು ಹಾಗೇ ನಿಂತಳು. ನಲವತ್ತು ವರ್ಷ ಎತ್ತಿದ ಕೈ ಅದು, ತಕ್ಕಡಿ ಬೇಕಿರಲಿಲ್ಲ.

"ಮಲ್ಲಿಕಾ, ಈ ಡಬ್ಬಿ ಯಾರ ಮುಟ್ಟ್ಯಾರ?"

"ಯಾಕ್ರೀ ಅತ್ತಿ?"

"ಕಾಲು ಭಾಗ ಸೈತ ಉಳದಿಲ್ಲ."

ಯಶವಂತ ಅಂಗಿ ಹಾಕಿಕೊಳ್ಳುತ್ತಿದ್ದ. "ಇಲಿ ತಿಂದಿರಬೇಕು ಬಿಡು ಯವ್ವಾ."

"ಇಲಿ ಮುಚ್ಚಳ ತಗದು, ತಿಂದು, ತಿರುಗಿ ಮುಚ್ಚಿಟ್ಟು ಹೋಗತದೇನ?"

"ಹಂಗಾರ ಯಾರರ ತಗೊಂಡಿರಬೇಕು. ಹಿಟ್ಟಲ್ಲೇನು? ದೇವರಿಗೇನ್ ರೊಟ್ಟಿ ಕಡಿಮಿ ಬಿದ್ದಾವ?"

"ಬಾಯಿ ಮುಚ್ಚು!" ಸೂಗಮ್ಮನ ಧ್ವನಿ ಏರಿತು. "ದೇವರಿಗಿ ಅಂತ ತಗದು ಇಟ್ಟಿದ್ದಕ್ಕ ಕೈ ಹಾಕಿದ್ರ ಏನಾಗತದ ಗೊತ್ತದೇನ? ಬೈಬಲಿನಾಗ ಅನನೀಯ ಮತ್ತ ಅವನ ಹೆಂಡ್ತಿ ಹೊಲ ಮಾರಿದ್ರು. ದೇವರ ಪಾಲಿನಾಗ ಒಂದೀಟು ಹಿಂದಿಟ್ಟಕೊಂಡ್ರು. ಗಂಡ ನಿಂತಲ್ಲೇ ಬಿದ್ದು ಸತ್ತ. ಮೂರ ತಾಸಾದ ಮ್ಯಾಲ ಹೆಂಡ್ತಿ ಬಂದ್ಲು, ಆಕಿನೂ ಬಿದ್ಲು. ಗಂಡನ್ನ ಹೂಳಿ ಬಂದವರ ಕಾಲಿನ ಮಣ್ಣು ಇನ್ನಾ ಆರಿದ್ದಿಲ್ಲ."

ಮಲ್ಲಿಕಾಳ ಕೈಯಲ್ಲಿದ್ದ ಸೂಜಿ ಸೀರೆಯಲ್ಲೇ ನಿಂತಿತು. ಸಲೋಮಿ ತಾಯಿಯ ಮುಖ ನೋಡಿದಳು. ಅವಳು ಕಂಡಿದ್ದಳು. ಶಾಲೆಗೆ ಹೊರಡುವ ಹೊತ್ತಿಗೆ ಅವ್ವ ಬೆನ್ನು ತಿರುಗಿಸಿ ಡಬ್ಬಿಯಿಂದ ರೊಟ್ಟಿ ಕಲಸುವ ಪರಾತಕ್ಕೆ ಹಿಟ್ಟು ಸುರಿದುಕೊಂಡದ್ದನ್ನು ಒಮ್ಮೆಯಲ್ಲ, ಮೂರು ನಾಲ್ಕು ಸಲ ಕಂಡಿದ್ದಳು.

"ಯಾರು? ಹೇಳ್ರಿ. ಹೇಳಿದ್ರ ಪ್ರಾರ್ಥನಾ ಮಾಡಿ ಕ್ಷಮಾ ಬೇಡಬೌದು."

"ನಾ ತಗೊಂಡೀನಿ ಆಯಿ," ಅಂದಳು ಸಲೋಮಿ.

"ನೀನಾ? ಯಾಕ?"

"ಹಸಿವ್ಯಾಗಿತ್ತು. ಬೆಲ್ಲ ಹಾಕ್ಕೊಂಡು ತಿಂದೆ."

ಇಷ್ಟು ಹಿಟ್ಟನ್ನು ಒಂದು ಹುಡುಗಿ ಹಸಿಯಾಗಿ ತಿನ್ನಲು ಸಾಧ್ಯವೇ ಎಂದು ಸೂಗಮ್ಮ ಯೋಚಿಸಬೇಕಿತ್ತು. ಹೆದರಿದವರಿಗೆ ಲೆಕ್ಕ ತಿಳಿಯುವುದಿಲ್ಲ. ಅವಳು ಬಯ್ಯಲಿಲ್ಲ, ಹೊಡೆಯಲಿಲ್ಲ. ಮೊಮ್ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು "ಯಪ್ಪಾ ದೇವರೇ, ಕೂಸದ, ತಿಳದಿಲ್ಲ, ಕೂಸದ" ಎಂದು ಬೇಡತೊಡಗಿದಳು. ಆ ಭಾನುವಾರ ಕಮಲಾಪುರಕ್ಕೆ ಹೋಗುವುದು ತಪ್ಪಿತು. ಹುಡುಗಿಯನ್ನು ಬಿಟ್ಟು ಹೋಗಲು ಧೈರ್ಯವಾಗಲಿಲ್ಲ.

ಮಲ್ಲಿಕಾ ನಾಳೆ ಹೇಳೋಣ ಅಂದುಕೊಂಡಳು. ಹೇಳಿದರೆ ಅತ್ತೆ ರೊಟ್ಟಿ ಮುಟ್ಟುವುದಿಲ್ಲ, ಮಾತ್ರೆ ನುಂಗಿ ಎಲ್ಲಾದರೂ ಬೀಳುತ್ತಾಳೆ. ನಾಳೆಗಳು ಒಂದೊಂದಾಗಿ ಹೋದವು. ಅತ್ತೆಯ ರೊಟ್ಟಿಗೆ ಅಂಗಡಿಯಲ್ಲಿ ಉದ್ರಿ ಹಿಟ್ಟು ತಂದಳು. ಅವಳು ಕೆಟ್ಟವಳಲ್ಲ, ಹೆದರಿದವಳು.

ಅಲ್ಲಿಂದ ಆ ಮನೆಯಲ್ಲಿ ಕಾವಲು ಶುರುವಾಯಿತು. ಸೂಗಮ್ಮ ಮೊಣಕಾಲು ನೋವಿನಲ್ಲೂ ಸಲೋಮಿಯ ಕೈ ಹಿಡಿದು ಶಾಲೆಯ ಗೇಟಿನವರೆಗೆ ಹೋಗುವಳು. ಸೂಪರ್ ಮಾರ್ಕೆಟ್ಟಿನ ರಸ್ತೆ ದಾಟುವಾಗ ಆಟೊಗಳಿಗೆ ಎರಡೂ ಕೈ ಅಡ್ಡ ಹಿಡಿದು ನಿಲ್ಲುವಳು. ಆಟೊದವರು ಬಯ್ಯುತ್ತಿದ್ದರು.

"ಆಯೀ, ಎಲ್ಲರೂ ನಗತಾರ," ಎಂದು ಸಲೋಮಿ ಅಳುಮೋರೆ ಮಾಡಿದರೆ,

"ನಗಲಿ. ನೀ ನನ್ನ ಕೈ ಬಿಡಬ್ಯಾಡ."

ಮಾಳಿಗೆ ಹತ್ತಬಾರದು. ಗ್ಯಾಸಿನ ಹತ್ತಿರ ಹೋಗಬಾರದು. ಮಲಗಿದ್ದರೆ ಮೂಗಿನ ಹತ್ತಿರ ಅಂಗೈ ಹಿಡಿದು ಉಸಿರು ನೋಡುವಳು. ಹುಡುಗಿ ಸೀನಿದರೆ ಮುದುಕಿಯ ಬಣ್ಣ ಹೋಗುತ್ತಿತ್ತು.

"ಯವ್ವಾ, ಹುಡುಗಿಗಿ ಹುಚ್ಚು ಹಿಡಸ್ತಿ ನೀ," ಎಂದು ಯಶವಂತ ಒಂದು ದಿನ ತಟ್ಟೆ ತಳ್ಳಿ ಎದ್ದ. "ಗಂಜಿನಾಗ ದಿನಾ ನಿಂದರತೀನಿ, ಮನಿಗಿ ಬಂದ್ರ ಇಲ್ಲಿ ಹೆಣ ಕಾಯೋರ ಹಂಗ ಕುಂತಿರತೀರಿ."

"ಹೆಣ ಅನಬ್ಯಾಡೋ!" ಎಂದು ಸೂಗಮ್ಮ ಕಿರುಚಿದಳು. ಪಕ್ಕದ ಮನೆಯ ನೂರಜಹಾನ್ ಬಾಗಿಲಿಗೆ ಓಡಿ ಬಂದಳು.

ಮುದುಕಿಯ ಹೆದರಿಕೆ ಎಲ್ಲರಿಗೂ ಕಾಣುತ್ತಿತ್ತು. ಮಗುವಿನದು ಯಾರಿಗೂ ಕಾಣಲಿಲ್ಲ. ಸಲೋಮಿ ಸಂಡೇ ಸ್ಕೂಲಿನಲ್ಲಿ ಕೈ ಎತ್ತಿ ಕೇಳಿದ್ದಳು: "ಟೀಚರ್, ಅನನೀಯ ಮತ್ತ ಅವನ ಹೆಂಡ್ತಿ ದೇವರದು ಇಟ್ಟುಕೊಂಡಿದ್ದಕ್ಕ ಸತ್ರಲ್ರೀ?"

ಟೀಚರ್ ಒಳ್ಳೆಯವರು. ಮಗು ಜಾಣೆ ಎಂದು ಖುಷಿಪಟ್ಟು ಬಿಡಿಸಿ ಹೇಳಿದರು. "ಇಲ್ಲಮ್ಮ. ಹೊಲ ಅವರದೇ, ರೊಕ್ಕ ಅವರದೇ, ಇಟ್ಟುಕೊಂಡಿದ್ರೂ ನಡೀತಿತ್ತು. ಅವರು ಸತ್ತಿದ್ದು ಸುಳ್ಳು ಹೇಳಿದ್ದಕ್ಕ."

ಅಂದಿನಿಂದ ಸಲೋಮಿಗೆ ತುತ್ತು ಇಳಿಯಲಿಲ್ಲ. ತೆಗೆದದ್ದು ಅವ್ವ, ಸುಳ್ಳು ಹೇಳಿದ್ದು ತಾನು. ಕಥೆಯಲ್ಲೂ ಇಬ್ಬರು. ಮೊದಲು ಒಬ್ಬರು, ಮೂರು ತಾಸಿನ ಮೇಲೆ ಇನ್ನೊಬ್ಬರು. ಹಾಗಾದರೆ ಮೊದಲು ಅವ್ವ. ಶಾಲೆಯ ಗಡಿಯಾರದಲ್ಲಿ ಅವಳು ಮೂರು ಮೂರು ತಾಸು ಎಣಿಸತೊಡಗಿದಳು. ಒಂದು ದಿನ ಊಟದ ಬಿಡುವಿನಲ್ಲಿ ಒಬ್ಬಳೇ ಓಡಿ ಮನೆಗೆ ಬಂದಳು.

"ಅವ್ವಾ, ನಿನಗ ಆರಾಮ ಅದಲ್ಲ?"

"ನನಗೇನಾಗ್ಯಾದ? ಸಾಲಿ ಬಿಟ್ಟು ಯಾಕ ಬಂದಿ?"

"ಸುಮ್ನ. ನಿನ್ನ ನೋಡಕ."

ಮೂರನೇ ವಾರ ಜ್ವರ ಬಂತು. ನೂರಜಹಾನ್ ಖಿಚಡಿ ತಂದು ಬಾಯಿಗಿಟ್ಟಳು. ಹುಡುಗಿ ಮುಖ ತಿರುಗಿಸಿದಳು. "ಬಚ್ಚಿ ಹೆದರ್ಯಾಳ್ ನೋಡ್ ಮಲ್ಲಿಕಾ, ಕಣ್ಣಾಗ ಕಾಣತದ," ಅಂದಳು. ಯಶವಂತ ಮಗಳನ್ನು ಎತ್ತಿಕೊಂಡು ದವಾಖಾನೆಗೆ ಹೋದ. ರಕ್ತ ನೋಡಿದರು. ಡೆಂಗ್ಯೂ ಇಲ್ಲ, ಟೈಫಾಯಿಡ್ ಇಲ್ಲ. ಡಾಕ್ಟರು ಹುಡುಗಿಯ ತೋಳು ಹಿಡಿದು ನೋಡಿ, "ಇಷ್ಟ್ ದಿನ ಏನ್ ತಿನ್ನಿಸೀರಿ ಇಕಿಗೆ? ಎರಡು ದಿನದಾಗ ಊಟ ಹತ್ತದಿದ್ರ ಅಡ್ಮಿಟ್ ಮಾಡಬೇಕಾಗತದ," ಎಂದರು. ಯಶವಂತ ತಲೆ ತಗ್ಗಿಸಿ ನಿಂತ. ದುಡಿಯುವ ಗಂಡಸಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಶನಿವಾರ ಸಂಜೆ ಮಲ್ಲಿಕಾ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಸಲೋಮಿ ಅವಳ ಕೈ ಹಿಡಿದು ಮೆಲ್ಲಗೆ ಹೇಳಿದಳು: "ಅವ್ವಾ, ಹಿಟ್ಟು ನೀ ತಗೊಂಡಿ ಅಂತ ಯಾರಿಗೂ ಹೇಳಬ್ಯಾಡ. ಹೇಳಿದ್ರ ನೀ ಮೊದಲ ಬೀಳ್ತಿ. ಆಮ್ಯಾಲ ನಾ."

ಮಲ್ಲಿಕಾಗೆ ಆಗ ತಿಳಿಯಿತು. ಬಟ್ಟೆಯನ್ನು ಬೋಗುಣಿಗೆ ಎಸೆದು ಹೊರಕೋಣೆಗೆ ಬಂದಳು. ಸೂಗಮ್ಮ ಮಂಡಿಯೂರಿ ಪ್ರಾರ್ಥನೆ ಮಾಡುತ್ತಿದ್ದಳು.

"ಅತ್ತೀ, ಕಣ್ಣ ತಗೀರಿ. ಹಿಟ್ಟು ನಾ ತಗೊಂಡೀನಿ. ಹುಡುಗಿ ನನ್ನ ಉಳಸಾಕ ಸುಳ್ಳ ಹೇಳ್ಯಾಳ."

ಸೂಗಮ್ಮ ಕಣ್ಣು ತೆರೆದು ಅವಳ ಕಡೆ ತಿರುಗಿದಳು. "ನೀನಾ? ಎಷ್ಟ ದಿನ?"

"ಹನ್ನೆರಡು ದಿನ. ಡ್ರಮ್ಮಿನಾಗ ಹಿಟ್ಟಿದ್ದಿಲ್ಲ."

"ಎಲ್ಲಿಗಿ ಒಯ್ದಿ? ಯಾರ ತಿಂದ್ರು?"

ಮಲ್ಲಿಕಾಗೆ ಅಳು ಬಂತು, ಸಿಟ್ಟೂ ಬಂತು. "ಯಾರ ತಿಂದ್ರು ಅಂದ್ರ? ನೀವೇ ತಿಂದ್ರಿ. ಈ ಮನ್ಯಾಗ ರೊಟ್ಟಿ ಯಾರಿಗಿ ಬೀಳತದ? ಎರಡು ತಿಂಗಳಾಯ್ತು, ನಾವು ಮೂರೂ ಮಂದಿ ಗಂಜಿ ಕುಡದೀವಿ. ಮತ್ತ ನೀವು ನಳದ ಹತ್ರ ಬಿದ್ರ ನಾ ಏನ್ ಮಾಡ್ಲಿ? ಈಗ ನನ್ನ ಮಗಳು ಸಾಯ್ತೀನಿ ಅಂತ ಮಕ್ಕೊಂಡಾಳ. ನಿಮ್ಮ ಅನನೀಯನ ಕಥಿ ಕೇಳಿ!"

ಯಶವಂತ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಒಳಗೆ ಹೋಗಿ ಮಗಳ ಪಕ್ಕ ಕೂತ.

ಸೂಗಮ್ಮ ಅಂದು ರೊಟ್ಟಿ ಮುಟ್ಟಲಿಲ್ಲ, ಮಾತ್ರೆಯನ್ನೂ ನುಂಗಲಿಲ್ಲ. ಇಷ್ಟು ದಿನ ಮೊಮ್ಮಗಳ ತಲೆಯ ಮೇಲೆ ತೂಗುತ್ತಿದ್ದದ್ದು ಈಗ ತನ್ನ ತಲೆಯ ಮೇಲೆ ಬಂತು ಎಂದು ಅವಳಿಗೆ ಅರ್ಧ ಸಮಾಧಾನವೇ ಆಗಿತ್ತು. ಮಗು ಸುಳ್ಳು ಹೇಳಿದ್ದು ನೆನಪಾಗಿ ಆ ಅರ್ಧವೂ ಹೋಯಿತು. ಬೆಳಿಗ್ಗೆ ಮೊದಲ ಬಸ್ಸಿಗೆ ಡಬ್ಬಿ ಹಿಡಿದುಕೊಂಡು ಕಮಲಾಪುರಕ್ಕೆ ಹೊರಟಳು. ಮಲ್ಲಿಕಾ ಓಡಿ ಬಂದು ಅವಳ ಚೀಲದಲ್ಲಿ ಎರಡು ಬಾಳೆಹಣ್ಣು, ಮಾತ್ರೆ ಇಟ್ಟಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕಮಲಾಪುರದ ಪಾಸ್ಟರ್ ಇನ್ನೂ ಹುಡುಗ, ಅವರಿಗೆ ಮೂರು ಊರಿನ ಚರ್ಚು. ಆರಾಧನೆ ಮುಗಿದದ್ದೇ ಹೆಲ್ಮೆಟ್ ಹಾಕಿಕೊಂಡರು. ಸೂಗಮ್ಮ ಅಡ್ಡ ನಿಂತಾಗ, "ಮೊಮ್ಮಗಳ ಹೆಸರು ಹೇಳ್ರಿ ಅಮ್ಮಾ, ಪ್ರಾರ್ಥನೆಯಲ್ಲಿ ನೆನಸ್ತೀನಿ," ಎಂದು ಬರೆದುಕೊಂಡು ಬೈಕ್ ಹತ್ತಿದರು. ಅಂಗಳದಲ್ಲಿ ಉಳಿದದ್ದು ಭೀಮಶಾ ಒಬ್ಬನೇ. ಎಂಬತ್ತು ದಾಟಿದವನು. ಮೊದಲಿಂದ ಆ ಚರ್ಚಿನ ಗಂಟೆ ಹೊಡೆಯುವವನು, ಕಸ ಗುಡಿಸುವವನು, ಹೆಂಗಸರು ತಂದ ಹಿಟ್ಟನ್ನು ಚೀಲಕ್ಕೆ ಸುರಿದು ಇಡುವವನು ಅವನೇ.

ಇಲ್ಲಿ ಸೂಗಮ್ಮ ಯಾರಿಗೂ ಹೇಳದ ಒಂದು ಸಂಗತಿ ಹೇಳಬೇಕು. ಆ ವರ್ಷ ಚಿಲಕಕ್ಕೆ ಹಿಟ್ಟಿನ ಚೀಲ ತೂಗಹಾಕುವವರನ್ನು ಅವಳು ಬಾಗಿಲ ಸಂದಿಯಲ್ಲಿ ನೋಡಿದ್ದಳು. ಮುಖ ಕಾಣಲಿಲ್ಲ. ಟೈರಿನ ಚಪ್ಪಲಿ, ಎಡಗಾಲ ಹೆಬ್ಬೆರಳಿಗೆ ಉಗುರಿಲ್ಲ. ಅಂಥ ಕಾಲು ಕಮಲಾಪುರದಲ್ಲಿ ಒಂದೇ ಇತ್ತು, ಭೀಮಶಾನದು. ಗಂಡ ಸತ್ತು ಮೂರು ತಿಂಗಳಾದ ಹೆಂಗಸಿನ ಬಾಗಿಲಿಗೆ ಬೆಳಕು ಹರಿಯುವ ಮೊದಲು ಗಂಡಸು ಬರುತ್ತಾನೆ ಎಂದು ಊರಿಗೆ ಗೊತ್ತಾದರೆ ಏನಾಗುತ್ತಿತ್ತು? ಅದಕ್ಕೇ ಅವಳು ಕಾಲನ್ನು ಮುಚ್ಚಿಟ್ಟು ದೇವರನ್ನಷ್ಟೇ ಹೇಳಿದಳು. ಹೇಳುತ್ತ ಹೇಳುತ್ತ ಅದು ಸಾಕ್ಷಿಯಾಯಿತು.

ಅವಳು ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಕೂತಳು. ಮನೆಯ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ಕೇಳಿದಳು: "ಅಣ್ಣಾ, ಅವಾಗ ನನ್ನ ಬಾಗಲಿಗಿ ತೂಗ ಹಾಕತಿದ್ದೆಲ್ಲ, ಆ ಹಿಟ್ಟು ನಿನ್ನ ಮನೀದಿತ್ತೇನ?"

ಭೀಮಶಾ ಬೊಚ್ಚು ಬಾಯಲ್ಲಿ ನಕ್ಕ. "ಗೊತ್ತಿತ್ತೇನ್ ನಿನಗ? ನಲವತ್ತು ವರ್ಷ ಸಾಕ್ಷಿ ಹೇಳಿದ್ದೇ ಹೇಳಿದ್ದು, ನಾ ಹಿಂದ ನಿಂತು ಆಮೆನ್ ಅಂದಿದ್ದೇ ಅಂದಿದ್ದು."

"ಹೇಳಣ್ಣಾ. ಯಾರದು?"

"ನನ್ನ ಮನ್ಯಾಗ ಎಲ್ಲಿಂದ ಬರಬೇಕವ್ವ ಹಿಟ್ಟು? ಈ ಚರ್ಚಿನ ಚೀಲದ್ದು. ದೇವರದು. ಪಾಸ್ಟರಿಗಿ ಕೇಳಿದ್ದಿಲ್ಲ, ಕಮಿಟಿಗಿ ಕೇಳಿದ್ದಿಲ್ಲ. ನಿನ್ನ ಕೂಸಿನ ಅಳು ಗಂಟಿ ಹೊಡಿಯೋ ಜಾಗದ ತನಕ ಕೇಳಸ್ತಿತ್ತು. ತಗೊಂಡು ಬಂದು ಹಾಕಿದೆ."

"ನಿನಗ ಹೆದರಿಕಿ ಆಗಲಿಲ್ಲಾ?"

"ಆಗದೇನ? ಒಂದ್ ವರ್ಷ ದಿನಾ ಎದ್ದು ಕೈ ನೋಡಕೋತಿದ್ದೆ. ಇವತ್ತು ಸೇದಿ ಒಣಗತದೋ, ನಾಳಿ ಸೇದತದೋ ಅಂತ." ಅವನು ಬಲಗೈಯನ್ನು ಅವಳ ಮುಂದೆ ಚಾಚಿದ. ಗಂಟೆಯ ಹಗ್ಗ ಎಳೆದೆಳೆದು ಅಂಗೈ ಒರಟಾಗಿತ್ತು. "ನೋಡು. ಮುಂಜಾನಿ ಸೈತ ಗಂಟಿ ಹೊಡದೀನಿ."

ಅವನು ಡಬ್ಬಿ ಎತ್ತಿಕೊಂಡು ಒಳಗೆ ಹೋದ. ತಂದಾಗ ಅದು ತುಂಬಿತ್ತು. ಸೂಗಮ್ಮ ಬೇಡ ಬೇಡ ಎಂದು ಕೈ ಹಿಂದೆಳೆದಳು.

"ಕೂಸು ಉಪವಾಸ ಅದ ಅಂತಿ, ಬ್ಯಾಡ ಅಂತಿ. ತಗೋ ತಂಗಿ. ಬಸ್ ಹೋಗ್ತದ."

ಬಸ್ಸಿನಲ್ಲಿ ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದಳು. ಕುಲುಕಿದಾಗಲೆಲ್ಲ ಮುಚ್ಚಳ ಒತ್ತಿ ನೋಡುವಳು. ಭೀಮಶಾನ ಕೈ ಸೇದಲಿಲ್ಲ, ಸರಿ. ದೇವರು ಎಲ್ಲರನ್ನೂ ಒಂದೇ ತರಹ ನೋಡುತ್ತಾನೆಂದು ಯಾರು ಬರೆದುಕೊಟ್ಟಿದ್ದಾರೆ? ಮಾತ್ರೆಯ ನೆನಪಾಗಿ ಒಂದು ಬಾಳೆಹಣ್ಣು ತಿಂದು ಅದನ್ನು ನುಂಗಿದಳು.

ಮಧ್ಯಾಹ್ನ ಮನೆಗೆ ಬಂದವಳು ಸೀದಾ ಅಡುಗೆ ಕೋಣೆಗೆ ಹೋದಳು. ಹೆಂಚು ಇಟ್ಟು ಗ್ಯಾಸು ಹಚ್ಚಿದಳು. ಡಬ್ಬಿಯನ್ನು ಪರಾತಕ್ಕೆ ಬೋರಲು ಹಾಕಿದಳು.

"ಅತ್ತೀ, ಏನ್ ಮಾಡಾಕತ್ತೀರಿ? ಸರೀರಿ, ನಾ ಬಡೀತೀನಿ," ಎಂದು ಮಲ್ಲಿಕಾ ಹತ್ತಿರ ಬಂದಳು.

"ನೀ ಹುಡುಗಿನ್ನ ಎಬ್ಬಿಸಿ ಕರಕೊಂಡು ಬಾ. ಯಶವಂತಾ, ನೀನೂ ಬಾ. ಎಲ್ಲಾರೂ ಇಲ್ಲೇ ಕೂಡ್ರಿ, ನನ್ನ ಮುಂದ."

ಆರು ವರ್ಷದಿಂದ ರೊಟ್ಟಿ ಬಡಿಯದ ಕೈ. ಮೊದಲ ರೊಟ್ಟಿ ಅಂಚು ಒಡೆದು ಅಡ್ಡಾದಿಡ್ಡಿಯಾಯಿತು. ಯಶವಂತ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಸಲೋಮಿಯ ಕಣ್ಣು ಖಾಲಿ ಡಬ್ಬಿಯ ಮೇಲೆ ಬಿತ್ತು.

"ಆಯಿ, ಇದು ದೇವರದು," ಅಂದಳು. ಧ್ವನಿ ಎದ್ದು ಬರುತ್ತಿರಲಿಲ್ಲ. "ಮುಟ್ಟಬ್ಯಾಡ. ನಾ ಸುಳ್ಳ ಬ್ಯಾರೆ ಹೇಳೀನಿ."

"ನಾನೂ ಹೇಳೀನವ್ವ. ನೀ ಒಮ್ಮಿ ಹೇಳಿದಿ, ನಾ ನಲವತ್ತು ವರ್ಷ ಹೇಳೀನಿ." ಸೂಗಮ್ಮ ಬಾಗಿಲ ಸಂದಿಯ ಕಥೆ ಹೇಳಿದಳು. ಟೈರಿನ ಚಪ್ಪಲಿ, ಉಗುರಿಲ್ಲದ ಬೆರಳು, ಭೀಮಶಾನ ಕೈ, ಎಲ್ಲ. ಮಗನ ಮುಂದೆ ಅದನ್ನು ಹೇಳುವಾಗ ನಾಚಿಕೆಯಿಂದ ಅವಳ ತಲೆ ತಗ್ಗಿತು. "ನಿಮ್ಮಪ್ಪ ಬೆಳದಿದ್ದು ಇದೇ ಹಿಟ್ಟಿನ ಮ್ಯಾಲ. ನಾನೂ ತಿಂದೀನಿ. ಸುಳ್ಳ ಹೇಳಿ ತಿಂದೀನಿ. ಇನ್ನಾ ಬದಕೀನಿ ನೋಡು."

ಯಶವಂತ ತಾಯಿಯನ್ನು ನೋಡಿದ. ಮಗಳನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

ಸೂಗಮ್ಮ ಬಿಸಿ ರೊಟ್ಟಿ ಮುರಿದಳು. ಪುಂಡಿಪಲ್ಯ ಹಚ್ಚಿದಳು. ದಿನವೂ ಊಟಕ್ಕೆ ಮೊದಲು ಉದ್ದವಾಗಿ ಪ್ರಾರ್ಥಿಸುವವಳು ಇವತ್ತು "ಇವತ್ತಿಂದು ಕೊಟ್ಟಿ ತಂದೀ, ತಿಂತೀವಿ" ಎಂದಷ್ಟೇ ಅಂದಳು. ತುತ್ತನ್ನು ಬಾಯಿಗಿಟ್ಟಳು. ಅವಳಿಗೆ ಹೆದರಿಕೆ ಹೋಗಿರಲಿಲ್ಲ. ಸಲೋಮಿ ಅವಳ ಗಂಟಲನ್ನೇ ನೋಡುತ್ತಿದ್ದಳು. ತುತ್ತು ಇಳಿಯಿತು.

ಗೋಡೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಹೊರಗೆ ಆಟೊ ಒಂದು ಹಾರ್ನ್ ಬಾರಿಸಿ ಹೋಯಿತು. ಸೂಗಮ್ಮ ಕೂತೇ ಇದ್ದಳು.

ಅವಳು ಇನ್ನೊಂದು ಚೂರು ಮುರಿದು ಸಲೋಮಿಯ ಬಾಯಿ ಹತ್ತಿರ ಹಿಡಿದಳು. ಹುಡುಗಿ ತುಟಿ ಬಿಗಿದಳು. ಒಮ್ಮೆ ತಾಯಿಯ ಕಡೆ ನೋಡಿದಳು, ಒಮ್ಮೆ ಗಡಿಯಾರದ ಕಡೆ.

"ಮೊದಲ ಅವ್ವಗ ಕೊಡು," ಅಂದಳು.

ಸೂಗಮ್ಮ ಸೊಸೆಯ ಕಡೆ ತಿರುಗಿದಳು. ಮದುವೆಯಾಗಿ ಹದಿಮೂರು ವರ್ಷದಲ್ಲಿ ಅತ್ತೆ ಕೈಯಾರೆ ಅವಳಿಗೆ ಉಣಿಸಿದ್ದಿಲ್ಲ. ಮಲ್ಲಿಕಾ ಬಾಯಿ ತೆರೆದಳು, ಅಳುತ್ತಲೇ ಅಗಿದಳು, ನುಂಗಿದಳು.

ಸಲೋಮಿ ಕಾದಳು. ಅವ್ವ ಬೀಳಲಿಲ್ಲ. ಅವಳು ಅಪ್ಪನ ತೊಡೆಯಿಂದ ಇಳಿದು ತಾಯಿಯ ಎದೆಗೆ ಕಿವಿ ಹಚ್ಚಿದಳು. ಅದು ಹೊಡೆದುಕೊಳ್ಳುತ್ತಿತ್ತು, ಜೋರಾಗಿಯೇ. ಕಿವಿ ತೆಗೆಯದೆ, ಅಜ್ಜಿಯ ಮುಂದೆ ಕೈ ಚಾಚಿದಳು.

"ಸಣ್ಣದು ಕೊಡು ಆಯಿ. ಭಾಳ ಸಣ್ಣದು."